ಆಸ್ಪತ್ರೆಯ ಮೂಲೆಮೂಲೆಗೂ ವೈಫೈ ತಲುಪಿಸುವುದು ಹೇಗೆ

ಮೊದಲು ಕಟ್ಟಡದ ನಕ್ಷೆ ಹಿಡಿದು, ಫೋನಿನಲ್ಲಿ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು, ಪ್ರತಿ ಹಾಸಿಗೆಯ ಪಕ್ಕ ನಿಂತು ಸಿಗ್ನಲ್ ಬರೆದುಕೊಳ್ಳಿ. ಬಾಗಿಲು ಮುಚ್ಚಿಯೇ ಅಳೆಯಬೇಕು. ಮೈನಸ್ 67 ಡಿಬಿಎಂಗಿಂತ (ಇದು ಸಿಗ್ನಲ್ ಬಲದ ಅಳತೆ; ಮೈನಸ್ 75 ಎಂದರೆ ಇನ್ನೂ ದುರ್ಬಲ) ದುರ್ಬಲವಾದ ಕಡೆ ವೈಫೈ ಕರೆಗಳು ತುಂಡಾಗುವ ಸಾಧ್ಯತೆ ಹೆಚ್ಚು.

ಎಕ್ಸ್‌ರೇ, ಸಿಟಿ ಕೋಣೆಗಳ ಗೋಡೆಗೆ ಸಾಮಾನ್ಯವಾಗಿ ಸೀಸದ ಹಾಳೆ ಹಾಕಿರುತ್ತಾರೆ. ಹೊರಗಿನ ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಬೀರುವ ಪೆಟ್ಟಿಗೆ) ಅಲ್ಲಿಗೆ ಸಾಲದು, ಕೋಣೆಯೊಳಗೇ ಒಂದನ್ನು ಕೂರಿಸಿ. ಎಂಆರ್‌ಐ ಕೋಣೆಯ ಮಾತೇ ಬೇರೆ: ಯಂತ್ರ ತಯಾರಕರನ್ನು ಕೇಳದೆ ಒಳಗೆ ಏನನ್ನೂ ಒಯ್ಯಬೇಡಿ.

ಎಲ್ಲ ಪಾಯಿಂಟ್‌ಗಳ ಪವರ್ ಏರಿಸಿಬಿಡುವುದೇ ದೊಡ್ಡ ತಪ್ಪು. ಪಾಯಿಂಟಿನ ಕೂಗು ಫೋನಿಗೆ ಕೇಳುತ್ತದೆ, ಫೋನಿನ ಸಣ್ಣ ದನಿ ಪಾಯಿಂಟಿಗೆ ಕೇಳಿಸುವುದಿಲ್ಲ. ಸಿಸ್ಟರ್ ಔಷಧಿ ಟ್ರಾಲಿ ತಳ್ಳಿಕೊಂಡು ಪಕ್ಕದ ವಾರ್ಡಿಗೆ ಹೋದರೂ ಟ್ರಾಲಿ ಮೇಲಿನ ಟ್ಯಾಬ್ಲೆಟ್ ಹಿಂದಿನ ಪಾಯಿಂಟಿಗೇ ಅಂಟಿಕೊಂಡಿರುತ್ತದೆ. ಪವರ್ ತಗ್ಗಿಸಿ, ಪಾಯಿಂಟ್ ಹೆಚ್ಚಿಸಿ. ಕಾರಿಡಾರಿನಲ್ಲಿ ಸಾಲಾಗಿ ಅಲ್ಲ, ವಾರ್ಡಿನ ಒಳಗೆ.

2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಚಾನೆಲ್ ಮಾತ್ರ, ಅಗಲ 20 ಮೆಗಾಹರ್ಟ್ಸ್. ಪ್ಯಾಂಟ್ರಿಯ ಮೈಕ್ರೋವೇವ್ ಕೂಡ ಇದೇ ಬ್ಯಾಂಡಿನಲ್ಲಿ ಗದ್ದಲ ಎಬ್ಬಿಸುತ್ತದೆ, ಹಾಗಾಗಿ ಸಾಧ್ಯವಿರುವ ಸಾಧನಗಳನ್ನೆಲ್ಲ 5 ಗಿಗಾಹರ್ಟ್ಸ್‌ಗೆ ಹಾಕಿ. ನೆಟ್‌ವರ್ಕ್ ಸ್ವಿಚ್‌ನಿಂದ ಪಾಯಿಂಟಿಗೆ ಹೋಗುವ ಕೇಬಲ್ 100 ಮೀಟರ್ ಮೀರದಿರಲಿ. ರೋಗಿಗಳ ಕಡೆಯವರಿಗೆ ಬೇರೆ ವಿಲ್ಯಾನ್ (ಅದೇ ಉಪಕರಣಗಳ ಮೇಲೆ ಪ್ರತ್ಯೇಕವಾಗಿಟ್ಟ ನೆಟ್‌ವರ್ಕ್) ಕೊಡಿ.

ಕೇಬಲ್ ಎಳೆಯಲು ಐಸಿಯುನಲ್ಲಿ ಫಾಲ್ಸ್ ಸೀಲಿಂಗ್ ಬಿಚ್ಚುವ ಮುನ್ನ ಸೋಂಕು ನಿಯಂತ್ರಣ ತಂಡದ ಒಪ್ಪಿಗೆ ಪಡೆಯಿರಿ. ಮೇಲಿನ ಧೂಳು ನೇರ ರೋಗಿಯ ಮೇಲೆ ಬೀಳುತ್ತದೆ.