ಮೊಬೈಲಿನಲ್ಲೇ ಒಳ್ಳೆಯ ಧ್ವನಿಮುದ್ರಣ: ಮುಂಬಯಿಯ ಗದ್ದಲದಲ್ಲಿ ಸಂದರ್ಶನ ಮಾಡುವವರಿಗೆ

ಮಾಡಿಕೊಂಡು ಬಂದ ಸಂದರ್ಶನ ಕೇಳಲಾಗದಂತಿದ್ದರೆ, ಹೊಸ ಫೋನು ಕೊಳ್ಳುವ ಮೊದಲು ಒಂದು ವಿಷಯ ನೆನಪು ಮಾಡಿಕೊಳ್ಳಿ: ಮಾತಾಡಿದವರ ಬಾಯಿಗೂ ಫೋನಿನ ಮೈಕಿಗೂ ನಡುವೆ ಎಷ್ಟು ದೂರವಿತ್ತು? ಮೇಜಿನ ನಡುವೆ ಫೋನಿಟ್ಟು ಎದುರುಬದುರು ಕೂತಿದ್ದರೆ ಎರಡೂವರೆ ಅಡಿಯಾದರೂ ಇರುತ್ತದೆ. ಅಷ್ಟರಲ್ಲಿ ಮಾತು ಸೊರಗಿಹೋಗಿರುತ್ತದೆ. ಫ್ಯಾನು, ರಸ್ತೆಯ ಹಾರ್ನು, ಪಕ್ಕದ ಮೇಜಿನ ತಟ್ಟೆ ಲೋಟದ ಸದ್ದು ಮಾತ್ರ ಹಾಗೇ ಕೂತಿರುತ್ತದೆ. ಅಂತರ ಅರ್ಧಕ್ಕಿಳಿದಾಗಲೆಲ್ಲ ಮಾತಿನ ಮಟ್ಟ ಸುಮಾರು 6 ಡೆಸಿಬಲ್ (ಸದ್ದಿನ ಅಳತೆ) ಏರುತ್ತದೆ. 80 ಸೆಂಟಿಮೀಟರಿನಿಂದ 40ಕ್ಕೆ, ಅಲ್ಲಿಂದ 20ಕ್ಕೆ ತಂದರೆ 12 ಡೆಸಿಬಲ್ ಲಾಭ, ಗದ್ದಲವೋ ಇದ್ದಷ್ಟೇ. ಆಮೇಲೆ ಯಾವ ಆ್ಯಪಿಗೆ ಹಾಕಿದರೂ ಮಾತು ಕೆಡದಂತೆ ಇಷ್ಟು ಲಾಭ ಸಿಗುವುದು ಕಷ್ಟ. ಆದ್ದರಿಂದ ಅಳತೆ ಒಂದೇ: ಬಾಯಿಯಿಂದ ಒಂದು ಗೇಣು. ಹೆಬ್ಬೆರಳಿನಿಂದ ಕಿರುಬೆರಳಿನ ತುದಿಯವರೆಗೆ ಕೈ ಚಾಚಿ ನೋಡಿ, ಅಷ್ಟೇ ಬೇಕು. ಮುಂದೆ ಹೇಳುವುದೆಲ್ಲ ಇದನ್ನು ಪಾಲಿಸಿದ ಮೇಲಿನ ಮಾತು.

ಮೈಕು ಎಲ್ಲಿದೆ, ಹೇಗೆ ಹಿಡಿಯಬೇಕು

ಹೆಚ್ಚಿನ ಫೋನುಗಳಲ್ಲಿ ಮುಖ್ಯ ಮೈಕು ಕೆಳಗಿನ ಅಂಚಿನಲ್ಲಿ, ಚಾರ್ಜರ್ ಚುಚ್ಚುವ ಜಾಗದ ಪಕ್ಕದಲ್ಲಿರುತ್ತದೆ. ಮೇಲಿನ ಅಂಚಿನಲ್ಲೋ ಕ್ಯಾಮೆರಾದ ಬಳಿಯೋ ಇರುವ ಇನ್ನೊಂದು, ಕರೆಯ ವೇಳೆ ಗದ್ದಲ ತಗ್ಗಿಸಲು ಮತ್ತು ವಿಡಿಯೋಗೆ. ನಿಮ್ಮ ರೆಕಾರ್ಡರ್ ಯಾವುದನ್ನು ಬಳಸುತ್ತದೆ ಎಂದು ತಿಳಿಯಲು ರೆಕಾರ್ಡಿಂಗ್ ಶುರು ಮಾಡಿ, ಒಂದೊಂದೇ ರಂಧ್ರದ ಬಳಿ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಪ್ರತಿ ಸಲವೂ "ಕೆಳಗೆ", "ಮೇಲೆ", "ಹಿಂದೆ" ಎಂದು ಬಾಯಲ್ಲಿ ಹೇಳುತ್ತ ಹೋಗಿ. ಕೇಳಿದಾಗ ಎಲ್ಲಿ ಕರ್ಕಶವಾಗಿ ಬಂದಿದೆಯೋ ಅದೇ ಮೈಕು. ಫೋನಿನ ಕವರು ಆ ರಂಧ್ರವನ್ನು ಅರ್ಧ ಮುಚ್ಚಿದ್ದರೆ ದನಿ ಮಂಕಾಗುತ್ತದೆ, ಕವರು ತೆಗೆದೇ ಕೆಲಸ ಮಾಡಿ. ರಂಧ್ರದಲ್ಲಿ ದೂಳು ತುಂಬಿದ್ದರೆ ಒಣಗಿದ ಮೆತ್ತನೆ ಹಲ್ಲುಜ್ಜುವ ಬ್ರಷ್ಷಿನಿಂದ ಒರೆಸಬೇಕು. ಪಿನ್ನು ಹಾಕಬಾರದು. ಸಿಮ್ ತೆಗೆಯುವ ತೂತೆಂದುಕೊಂಡು ಮೈಕಿನ ತೂತಿಗೆ ಪಿನ್ನು ಚುಚ್ಚಿದರೆ ಮೈಕೇ ಹಾಳಾಗಬಹುದು.

ಹಿಡಿಯುವಾಗ ಫೋನಿನ ಕೆಳತುದಿ ಮಾತಾಡುವವರ ಕಡೆಗಿರಲಿ, ಗಲ್ಲದ ಮಟ್ಟದಲ್ಲಿ, ಬಾಯಿಯ ನೇರಕ್ಕಿಂತ ಕೊಂಚ ಪಕ್ಕಕ್ಕೆ. ನೇರ ಹಿಡಿದರೆ ಪ, ಬ, ಭ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿದು "ಢಬ್" ಎನ್ನುತ್ತದೆ. "ಭಾನುವಾರ ಬೆಳಿಗ್ಗೆ ಪೇಪರು ಬಂತು" ಎಂದು ಅವರಿಂದ ಹೇಳಿಸಿ ಪರೀಕ್ಷಿಸಿ. ಹಿಡಿದ ಬೆರಳು ಅಲುಗಾಡದಿರಲಿ, ಉಂಗುರ ಬಳೆ ತಾಗದಿರಲಿ. ಮೇಜಿನ ಮೇಲೇ ಇಡಬೇಕಾದರೆ ಕೆಳಗೆ ನಾಲ್ಕು ಮಡಿಕೆ ಮಾಡಿದ ಟವೆಲು ಹಾಕಿ, ಪುಸ್ತಕಗಳ ಮೇಲೆ ಎತ್ತರಿಸಿ ಅವರತ್ತ ಸರಿಸಿ. ನಿಮ್ಮ ಪ್ರಶ್ನೆ ದೂರದಿಂದ ಕೇಳಿಸಿದರೂ ಪರವಾಗಿಲ್ಲ, ವರದಿಗೆ ಬೇಕಾದದ್ದು ಅವರ ಉತ್ತರ.

ಶುರು ಮಾಡುವ ಮುಂಚೆ

ಐಫೋನಿನ ವಾಯ್ಸ್ ಮೆಮೋಸ್ ಮೊದಲಿಗೆ ಕಂಪ್ರೆಸ್ಡ್, ಅಂದರೆ ದನಿಯ ಕೆಲವಂಶ ಬಿಟ್ಟು ಕುಗ್ಗಿಸಿದ, ಗುಣಮಟ್ಟದಲ್ಲಿರುತ್ತದೆ. ಸೆಟ್ಟಿಂಗ್ಸಿನಲ್ಲಿ ಆಡಿಯೋ ಕ್ವಾಲಿಟಿಯನ್ನು ಏನೂ ಬಿಡದ ಲಾಸ್‌ಲೆಸ್ ಮಾಡಿಕೊಳ್ಳಿ. ಆಂಡ್ರಾಯ್ಡಿನಲ್ಲಿ ಫೋನಿನ ಜೊತೆ ಬಂದ ರೆಕಾರ್ಡರಿನಲ್ಲಿ ವೇವ್ (ದನಿಯನ್ನು ಕುಗ್ಗಿಸದ) ಕಡತದ ಆಯ್ಕೆ ಮತ್ತು ಮಟ್ಟ ತೋರಿಸುವ ಮೀಟರು ಇಲ್ಲದಿದ್ದರೆ, ಅವೆರಡೂ ಇರುವ ಬೇರೆ ಆ್ಯಪ್ ಹಾಕಿಕೊಳ್ಳುವುದು ಒಳ್ಳೆಯದು. ಸೆಟ್ಟಿಂಗ್: ವೇವ್, 48 ಕಿಲೋಹರ್ಟ್ಸ್, 16 ಬಿಟ್, ಮೋನೋ (ಒಂದೇ ಚಾನೆಲ್). ಒಬ್ಬರ ಮಾತಿಗೆ ಸ್ಟೀರಿಯೋ ಬೇಡ, ಕಡತ ದುಪ್ಪಟ್ಟಾಗುವುದಷ್ಟೇ. ಈ ಲೆಕ್ಕದಲ್ಲಿ ನಿಮಿಷಕ್ಕೆ ಆರು ಎಂಬಿಗಿಂತ ಕೊಂಚ ಕಡಿಮೆ, ಒಂದು ಗಂಟೆಗೆ ಸುಮಾರು 350 ಎಂಬಿ ಜಾಗ ಬೇಕು. ಜಾಗ ತೀರಾ ಕಡಿಮೆಯಿದ್ದರೆ ಎಎಸಿ ಎಂಬ ಕುಗ್ಗಿಸಿದ ಕಡತ, 128 ಕೆಬಿಪಿಎಸ್ ಅಥವಾ ಅದಕ್ಕೂ ಮೇಲೆ. ಗಂಟೆಗೆ ಅರುವತ್ತು ಎಂಬಿಯೊಳಗೆ ಮುಗಿಯುತ್ತದೆ. ಅದಕ್ಕಿಂತ ಕೆಳಗಿಳಿಯಬೇಡಿ. ಒಮ್ಮೆ ಕಡಿಮೆ ಗುಣಮಟ್ಟದಲ್ಲಿ ಕಳೆದುಹೋದದ್ದನ್ನು ಆಮೇಲೆ ಯಾವ ಬಗೆಯಲ್ಲೂ ತರಲಾಗದು.

ಮೀಟರಿನಲ್ಲಿ ಮಾತಿನ ಏರು ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ಕುಣಿಯಬೇಕು. ನಕ್ಕಾಗ, ಸಿಟ್ಟಿಗೆದ್ದಾಗ ಮೈನಸ್ 6ಕ್ಕೆ ಹೋದರೆ ತೊಂದರೆಯಿಲ್ಲ. ಮೀಟರಿನ ಗರಿಷ್ಠವಾದ ಸೊನ್ನೆ ಮುಟ್ಟಿದರೆ ಕೆಟ್ಟಿತು. ಅಲೆಯ ತಲೆ ಕತ್ತರಿಸಿಹೋಗಿ ದನಿ ಸೀಳಿಕೊಳ್ಳುತ್ತದೆ, ಅದನ್ನು ಸರಿಮಾಡಲು ಆಗುವುದಿಲ್ಲ. ಸಣ್ಣಗೆ ಬಂದದ್ದನ್ನು ಎತ್ತಿಕೊಳ್ಳಬಹುದು, ಸೀಳಿದ್ದನ್ನು ಹೊಲಿಯಲಾಗದು. ಮೈಕು ದನಿ ಹಿಡಿಯುವ ಮಟ್ಟವನ್ನು (ಗೇನ್) ಫೋನೇ ಹೊಂದಿಸುವ ಆಟೋ ಗೇನ್ ಎಂಬ ಆಯ್ಕೆ ಕಂಡರೆ ಬಂದ್ ಮಾಡಿ. ಮಾತಾಡುವವರು ಯೋಚಿಸಲು ನಿಂತಾಗ ಅದು ಸುತ್ತಲಿನ ಗದ್ದಲವನ್ನು ಮೇಲೆತ್ತುತ್ತದೆ, ಮತ್ತೆ ಮಾತು ಬಂದಾಗ ಇಳಿಸುತ್ತದೆ. ಕೇಳುವವರಿಗೆ ಗದ್ದಲ ಉಸಿರಾಡಿದಂತೆ ಅನಿಸುತ್ತದೆ.

ಬಳಿಕ ಏರ್‌ಪ್ಲೇನ್ ಮೋಡ್. ಕರೆ ಬಂದರೆ ಬಹಳ ಆ್ಯಪ್‌ಗಳು ರೆಕಾರ್ಡಿಂಗನ್ನು ನಿಲ್ಲಿಸಿಬಿಡುತ್ತವೆ, ನಿಮಗೆ ಗೊತ್ತೂ ಆಗುವುದಿಲ್ಲ. ಫೋನು ಟವರಿನ ಜೊತೆ ಮಾತಾಡುವಾಗ ತಂತಿ ಮೈಕಿನಲ್ಲಿ "ಟರ್ರ್ ಟರ್ರ್" ಎಂಬ ಸದ್ದು ಸೇರುವುದೂ ಉಂಟು. ಬ್ಯಾಟರಿ ಉಳಿಸುವ ಸೆಟ್ಟಿಂಗಿನಲ್ಲಿ ರೆಕಾರ್ಡರ್ ಆ್ಯಪಿಗೆ ಯಾವ ನಿರ್ಬಂಧವೂ ಇರದಂತೆ ಮಾಡಿ. ಇಲ್ಲವಾದರೆ ಪರದೆ ಆರಿದ ಹತ್ತು ನಿಮಿಷಕ್ಕೆ ಕೆಲವು ಫೋನುಗಳು ಆ್ಯಪನ್ನೇ ಮುಚ್ಚುತ್ತವೆ. ಚಾರ್ಜರಿಗೆ ಸಿಕ್ಕಿಸಿಕೊಂಡು ರೆಕಾರ್ಡ್ ಮಾಡಬೇಡಿ, ತಂತಿ ಮೈಕಿದ್ದರೆ ಕರೆಂಟಿನ ಗುಂಯ್‌ಗುಟ್ಟುವಿಕೆ ಒಳಬರುತ್ತದೆ. ಇಷ್ಟಾದ ಮೇಲೆ ಇಪ್ಪತ್ತು ಸೆಕೆಂಡು ಮುದ್ರಿಸಿ, ತಂತಿಯ ಇಯರ್‌ಫೋನಿನಲ್ಲಿ ಕೇಳಿ. ಫೋನಿನ ಸ್ಪೀಕರಿನಲ್ಲಿ ಕೇಳಿದರೆ ಫ್ಯಾನಿನ ಗಾಳಿಯೂ ಗೊತ್ತಾಗದು, ಗುಂಯ್ ಸದ್ದೂ ಗೊತ್ತಾಗದು.

ಹೊರಗಿನ ಮೈಕು

ಕಾಲರಿಗೆ ಸಿಕ್ಕಿಸುವ ತಂತಿ ಮೈಕು ಸಾವಿರ ರೂಪಾಯಿ ಆಸುಪಾಸಿನಲ್ಲೂ ಸಿಗುತ್ತದೆ. ಇಬ್ಬರ ನಡುವೆ ಫೋನು ಹಿಡಿದು ಕೈ ಸೋಲುವ ಕಷ್ಟ ಇದರಿಂದ ತಪ್ಪುತ್ತದೆ. ಕೊಳ್ಳುವಾಗ ಜ್ಯಾಕ್ (ಚುಚ್ಚುವ ತುದಿ) ನೋಡಿ: ಮೂರು ಕಪ್ಪು ಉಂಗುರಗಳಿದ್ದರೆ ಫೋನಿಗೆ, ಎರಡಿದ್ದರೆ ಕ್ಯಾಮೆರಾಕ್ಕೆ. ಎರಡುಂಗುರದ್ದನ್ನು ಫೋನಿಗೆ ಚುಚ್ಚಿದರೆ ಆ್ಯಪ್ ಏನೂ ಹೇಳದೆ ಫೋನಿನದೇ ಮೈಕಿನಲ್ಲಿ ಮುದ್ರಿಸುತ್ತ ಹೋಗುತ್ತದೆ. ಬೋಯಾ ಬಿವೈ-ಎಂ1ನಂಥ ಮೈಕಿನಲ್ಲಿ ಕ್ಯಾಮೆರಾ, ಸ್ಮಾರ್ಟ್‌ಫೋನ್ ಎಂದು ಸ್ವಿಚ್ಚಿರುತ್ತದೆ, ತಪ್ಪಾಗಿದ್ದರೆ ದನಿ ಸರಿಯಾಗಿ ಬರುವುದಿಲ್ಲ. ಜ್ಯಾಕಿನ ತೂತಿಲ್ಲದ ಫೋನಿಗೆ ಅದಕ್ಕೆ ಹೊಂದುವ, ಹೆಚ್ಚಿನವಕ್ಕೆ ಟೈಪ್-ಸಿ, ಕನ್ವರ್ಟರ್ ಬೇಕು, ಅಗ್ಗದ ಕೆಲವು ಕನ್ವರ್ಟರುಗಳು ಎಲ್ಲ ಫೋನಿನಲ್ಲೂ ಓಡುವುದಿಲ್ಲ. ಅಂಗಡಿಯಲ್ಲೇ ನಿಮ್ಮ ಫೋನಿಗೆ ಹಾಕಿಸಿ, ಉಗುರಿನ ಪರೀಕ್ಷೆಯನ್ನು ಮೈಕಿನ ತಲೆಯ ಮೇಲೆ ಮಾಡಿ ನೋಡಿಯೇ ದುಡ್ಡು ಕೊಡಿ.

ಸಿಕ್ಕಿಸುವುದು ಗಲ್ಲದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ. ಸೀರೆಯುಟ್ಟವರಾದರೆ ಸೆರಗಿನ ಕೆಳಗೆ ಬೇಡ, ಸೆರಗು ಸರಿದಾಗಲೆಲ್ಲ ಸರಸರ ಎನ್ನುತ್ತದೆ. ಸೆರಗಿಗೆ ಪಿನ್ನು ಹಾಕಿದಲ್ಲಿ ಬಟ್ಟೆ ಬಿಗಿಯಾಗಿರುತ್ತದೆ, ಅಲ್ಲಿ ಹೊರಮುಖವಾಗಿರಲಿ. ಕರಿಮಣಿ ಸರ ಮೈಕಿಗೆ ತಾಗಿ "ಟಿಕ್ ಟಿಕ್" ಎನ್ನದಂತೆ ನೋಡಿ. "ಅಕ್ಕಾ, ಸರ ಸ್ವಲ್ಪ ಒಳಗೆ ಹಾಕ್ಕೊಳ್ತೀರಾ, ಮೈಕಿಗೆ ತಾಗ್ತದೆ" ಎಂದರೆ ಯಾರೂ ಬೇಸರ ಮಾಡುವುದಿಲ್ಲ. ಮೈಕನ್ನು ಅವರ ಕೈಯಲ್ಲೇ ಕೊಟ್ಟು ಅವರೇ ಸಿಕ್ಕಿಸಿಕೊಳ್ಳಲಿ.

ವೈರ್‌ಲೆಸ್ ಮೈಕುಗಳಲ್ಲಿ ಹೆಚ್ಚಿನವು ವೈಫೈ ಬಳಸುವ 2.4 ಗಿಗಾಹರ್ಟ್ಸಿನಲ್ಲೇ ಓಡುತ್ತವೆ. ಸಂಜೆಯ ದಾದರ್ ಸ್ಟೇಷನ್ನಿನಂಥ ಕಡೆ ಸಾವಿರಾರು ಫೋನುಗಳ ನಡುವೆ ದನಿ ತುಂಡಾಗುತ್ತದೆ, ಮನುಷ್ಯರ ಮೈ ಅಡ್ಡ ಬಂದರೂ ತುಂಡಾಗುತ್ತದೆ. ಜನಜಂಗುಳಿಯಲ್ಲಿ ತಂತಿ ಮೈಕೇ ಲೇಸು. ಬ್ಲೂಟೂತ್ ಇಯರ್‌ಬಡ್ಡನ್ನು ಮೈಕಾಗಿ ಬಳಸಬೇಡಿ. ಮೈಕು ತೆರೆದೊಡನೆ ಅದು ಕರೆಯ ಮೋಡ್‌ಗೆ ಇಳಿದು ದನಿ ಟೆಲಿಫೋನಿನಂತೆ ಕಿರಿದಾಗುತ್ತದೆ.

ಜಾಗ ಮತ್ತು ಹೊತ್ತು

ಮಾಟುಂಗದ ಉಡುಪಿ ಹೋಟೆಲಿನಲ್ಲಿ ಮಾಲೀಕರ ಸಂದರ್ಶನ ಎಂದಿಟ್ಟುಕೊಳ್ಳಿ. ಊಟದ ಹೊತ್ತು ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು, ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ. ಗಲ್ಲಾದ ಬಳಿ ಕೂರಬೇಡಿ, ಅಲ್ಲಿ ಚಿಲ್ಲರೆ, ರಸ್ತೆ, ಗಿರಾಕಿ ಮೂರೂ ಇವೆ. ಕುರ್ಚಿಗಳಿಗೆ ಮೆತ್ತೆಯಿರುವ ಮೂಲೆಯೋ, ಅಕ್ಕಿ ಮೂಟೆ ಜೋಡಿಸಿದ ಉಗ್ರಾಣವೋ ಸಿಕ್ಕರೆ ಭಾಗ್ಯ. ಮೂಟೆಗಳು ಸದ್ದನ್ನು ಹೀರುತ್ತವೆ. "ಶೆಟ್ರೇ, ಹತ್ತು ನಿಮಿಷ ಫ್ಯಾನು ಬಂದ್ ಮಾಡಬಹುದಾ?" ಎಂದು ಕೇಳಿ. ಫ್ರಿಜ್ಜಿನ ಪ್ಲಗ್ಗೂ ತೆಗೆಯಬೇಕಾದರೆ ನಿಮ್ಮ ಮನೆಯ ಬೀಗದ ಕೈಯನ್ನು ಫ್ರಿಜ್ಜಿನೊಳಗಿಟ್ಟುಬಿಡಿ. ಆ ಬೀಗದ ಕೈ ತೆಗೆದುಕೊಳ್ಳದೆ ನೀವು ಮನೆಗೆ ಹೋಗಲಾರಿರಿ, ತೆಗೆಯುವಾಗ ಪ್ಲಗ್ಗು ಮತ್ತೆ ಹಾಕುವುದು ನೆನಪಾಗುತ್ತದೆ, ಅವರ ಹಾಲು ಮೊಸರು ಕೆಡುವುದಿಲ್ಲ.

ಮನೆಯಲ್ಲಾದರೆ ಒಮ್ಮೆ ಚಪ್ಪಾಳೆ ತಟ್ಟಿ. "ಟಣ್" ಎಂದು ಬಾಲ ಉಳಿದರೆ ಗೋಡೆಗಳು ದನಿಯನ್ನು ಹಿಂದಕ್ಕೆ ಎಸೆಯುತ್ತಿವೆ. ಚಾಳಿನ (ಸಾಲುಮನೆಯ) ಕೋಣೆ ಚಿಕ್ಕದಾದರೂ ಹಾಸಿಗೆ, ನೇತುಹಾಕಿದ ಬಟ್ಟೆ ಇದ್ದರೆ ಹೊಸ ಫ್ಲ್ಯಾಟಿನ ಟೈಲ್ಸ್ ಹಾಕಿದ ಹಾಲಿಗಿಂತ ಎಷ್ಟೋ ವಾಸಿ. ಹಳಿಯ ಪಕ್ಕದ ಮನೆಗಳಲ್ಲಿ, ವಿಮಾನ ಇಳಿಯುವ ದಾರಿಯಲ್ಲಿರುವ ಕುರ್ಲಾ, ಘಾಟ್ಕೋಪರಿನ ಕಡೆ, ಸದ್ದು ಬಂದಾಗ ಮಾತು ನಿಲ್ಲಿಸಿ ಸದ್ದು ಪೂರ್ತಿ ಹೋಗುವವರೆಗೆ ಕಾಯಿರಿ. ಆಮೇಲೆ ಬಿಟ್ಟಲ್ಲಿಂದ ಮುಂದುವರಿಸುವುದು ಬೇಡ, ಆ ವಾಕ್ಯವನ್ನು ಮೊದಲಿನಿಂದ ಹೇಳಿಸಿ. ವಾಕ್ಯದ ನಡುವೆ ಲೋಕಲ್ ರೈಲಿನ ಸದ್ದು ಬಂದು ಮಾಯವಾದರೆ ಕತ್ತರಿಸಿದ್ದು ಎಲ್ಲರಿಗೂ ತಿಳಿಯುತ್ತದೆ.

ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಪ್ರಯತ್ನ ಮಾಡಲೇಬೇಡಿ. ಆ ಸದ್ದು ಮಾತಿನ ಎಲ್ಲ ಸ್ತರಗಳಲ್ಲೂ ಹರಡಿರುತ್ತದೆ, ಅದನ್ನು ತೆಗೆದರೆ ಮಾತೂ ಹೋಗುತ್ತದೆ. ಕೊಡೆಯ ಕೆಳಗೂ ಅದೇ ಗತಿ. ಮರೀನ್ ಡ್ರೈವಿನ ಗಾಳಿಗೆ ಮೈಕಿನ ಸ್ಪಂಜಿನ ಟೊಪ್ಪಿ ಸಾಲದು, ಉದ್ದ ರೋಮದ ಟೊಪ್ಪಿ ಬೇಕು. ಅದಿಲ್ಲದಿದ್ದರೆ ಕಟ್ಟಡದ ಮರೆಗೆ ಸರಿಯಿರಿ, ನಿಮ್ಮ ಬೆನ್ನು ಗಾಳಿಗೆ ಕೊಟ್ಟು ಮೈಕಿಗೆ ಅಡ್ಡ ನಿಲ್ಲಿ. ಒದ್ದೆಯಾದ ಟೊಪ್ಪಿ ದನಿಯನ್ನು ಮಂಕಾಗಿಸುತ್ತದೆ, ಒಂದು ಒಣಗಿದ್ದು ಚೀಲದಲ್ಲಿರಲಿ.

ಮಾಟುಂಗದ ಮೈಸೂರು ಅಸೋಸಿಯೇಷನ್ನಿನಂಥ ಸಭಾಂಗಣದಲ್ಲಿ ಯಕ್ಷಗಾನವೋ ತಾಳಮದ್ದಳೆಯೋ ನಡೆಯುವಾಗ ತೊಂದರೆ ತಿರುಗುಮುರುಗು. ಚೆಂಡೆಯ ಹತ್ತಿರ ಹೋದರೆ ಗೇನ್ ಎಷ್ಟು ಇಳಿಸಿದರೂ ಫೋನಿನ ಮೈಕೇ ಸೋಲುತ್ತದೆ. ಹತ್ತು ಹನ್ನೆರಡು ಅಡಿ ದೂರ, ಸ್ಪೀಕರಿನ ಎದುರಲ್ಲದ ಕಡೆ ಇಟ್ಟು, ಚೆಂಡೆ ಅತಿ ಜೋರಾಗಿ ಬಿದ್ದ ಹೊತ್ತಿಗೆ ಮಟ್ಟ ಹೊಂದಿಸಿ. ಮೈಕ್‌ಸೆಟ್ಟಿನವರ ಮಿಕ್ಸರಿನಿಂದ ನೇರ ವಯರು ಎಳೆದು ಫೋನಿಗೆ ಚುಚ್ಚಬೇಡಿ. ಅದರ ಮಟ್ಟ ಮೈಕಿನ ಮಟ್ಟಕ್ಕಿಂತ ಬಹಳ ಹೆಚ್ಚು, ನಡುವೆ ತಗ್ಗಿಸುವ ಸಾಧನ ಬೇಕು.

ಮುದ್ರಿಸುವಾಗ

ಮೊದಲು ಅವರ ಹೆಸರು, ಊರು, ಕೆಲಸ, ಅಂದಿನ ದಿನಾಂಕ, ಮುದ್ರಣಕ್ಕೆ ಒಪ್ಪಿಗೆ, ಇಷ್ಟನ್ನು ಅವರ ಬಾಯಲ್ಲೇ ಹೇಳಿಸಿ. ಹೆಸರಿನ ಉಚ್ಚಾರ ಸರಿಯಾಗಿ ಸಿಗುತ್ತದೆ, ಮಟ್ಟವೂ ಹೊಂದುತ್ತದೆ. ಅವರು ಮಾತಾಡುವಾಗ "ಹೂಂ", "ಹೌದ್ಹೌದು" ಬೇಡ, ತಲೆಯಾಡಿಸಿ ಸಾಕು. ನಿಮ್ಮ ಹೂಂಕಾರ ಅವರ ಮಾತಿನ ಮೇಲೆ ಬಿದ್ದರೆ ಬೇರ್ಪಡಿಸಲಾಗದು. ಮುಗಿದ ಮೇಲೆ ಎಲ್ಲರೂ ಸುಮ್ಮನೆ ಕೂತು ಆ ಕೋಣೆಯ ಮೌನವನ್ನು ಒಂದು ನಿಮಿಷ ಮುದ್ರಿಸಿ. ಎಡಿಟ್ ಮಾಡಿದ ಜೋಡಣೆಗಳ ನಡುವೆ ತುಂಬಲು ಇದೇ ಬೇಕು. ಕಾವಲಿಗೆ ಹಿಟ್ಟು ಬಿದ್ದ ಚುಂಯ್ ಸದ್ದು, ಕಾಫಿ ಎತ್ತಿ ಹೊಯ್ಯುವ ಸದ್ದು ಬೇಕಿದ್ದರೆ ಸಂದರ್ಶನದ ಜೊತೆ ಬೆರೆಸಬೇಡಿ, ಬೇರೆಯಾಗಿ ಹತ್ತಿರದಿಂದ ಮೂವತ್ತು ಸೆಕೆಂಡು ಮುದ್ರಿಸಿ.

ಹೆಸರು ಬಯಲಾಗಬಾರದವರ ವಿಷಯದಲ್ಲಿ ಇದೆಲ್ಲ ಬದಲಾಗುತ್ತದೆ. ಹೆಸರು, ಊರು ಹೇಳಿಸಲೇಬೇಡಿ. ದನಿಯ ಶ್ರುತಿ ಏರಿಳಿಸಿದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ, ಅದನ್ನು ಹಿಂದಕ್ಕೆ ತಿರುಗಿಸಬಹುದು. ಅವರ ಮಾತನ್ನು ಬೇರೊಬ್ಬರಿಂದ ಓದಿಸಿ, ಹಾಗೆಂದು ಕೇಳುಗರಿಗೂ ತಿಳಿಸಿ. ಅತ್ಯಾಚಾರದ ಸಂತ್ರಸ್ತರ ಗುರುತು ಬಯಲಾಗುವಂತೆ ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಲ್ಲಿ ಪೋಕ್ಸೋ ಕಾಯ್ದೆಯ 23ನೇ ಕಲಂ ಇದೆ. ದನಿಯೂ ಗುರುತೇ.

ಊರಿನಲ್ಲಿರುವವರ ಮಾತು ಬೇಕಾದರೆ

ಉಡುಪಿಯಲ್ಲೋ ಕಲಬುರಗಿಯಲ್ಲೋ ಇರುವವರ ಕರೆಯನ್ನು ಮುದ್ರಿಸಿದರೆ ಟೆಲಿಫೋನಿನ ಗುಣಮಟ್ಟವೇ ಸಿಗುತ್ತದೆ. ಪ್ಲೇ ಸ್ಟೋರಿನ ಕರೆ ಮುದ್ರಿಸುವ ಆ್ಯಪ್‌ಗಳಿಗೆ ಗೂಗಲ್ 2022ರ ಮೇ ತಿಂಗಳಿನಿಂದ ಕಡಿವಾಣವನ್ನೂ ಹಾಕಿದೆ. ಇದಕ್ಕಿಂತ ಒಳ್ಳೆಯ ಉಪಾಯವಿದೆ. ಅವರು ಒಂದು ಫೋನಿನಲ್ಲಿ ನಿಮ್ಮೊಡನೆ ಇಯರ್‌ಫೋನ್ ಹಾಕಿ ಮಾತಾಡಲಿ, ಮನೆಯವರ ಇನ್ನೊಂದು ಫೋನಿನ ರೆಕಾರ್ಡರ್ ಅವರ ಬಾಯಿಂದ ಒಂದು ಗೇಣು ದೂರದಲ್ಲಿ ಓಡುತ್ತಿರಲಿ. ಎರಡು ಫೋನು ಬೇಕೇ ಬೇಕು, ಕರೆ ನಡೆಯುವಾಗ ಅದೇ ಫೋನಿನ ರೆಕಾರ್ಡರಿಗೆ ಸಾಮಾನ್ಯವಾಗಿ ಮೈಕು ಸಿಗುವುದಿಲ್ಲ. ನೀವೂ ನಿಮ್ಮ ಕಡೆ ಹಾಗೆಯೇ ಮುದ್ರಿಸಿಕೊಳ್ಳಿ. ಶುರುವಿಗೆ ಇಬ್ಬರೂ "ಒಂದು, ಎರಡು, ಮೂರು" ಎಂದು ಒಟ್ಟಿಗೆ ಚಪ್ಪಾಳೆ ತಟ್ಟಿದರೆ ಎರಡು ಕಡತಗಳನ್ನು ಹೊಂದಿಸುವುದು ಸುಲಭ.

ಮುದ್ರಿಸಿದ ಮೇಲೆ

ಮೂಲ ಕಡತವನ್ನು ಮುಟ್ಟಬೇಡಿ, ಪ್ರತಿ ಮಾಡಿ ಪ್ರತಿಯಲ್ಲೇ ಕೆಲಸ ಮಾಡಿ. ಮೊದಲು ಎಡಿಟಿಂಗ್ ಆ್ಯಪಿನಲ್ಲಿ 80ರಿಂದ 100 ಹರ್ಟ್ಸಿನ ಕೆಳಗಿನ ತಗ್ಗು ಸದ್ದನ್ನು ಲೋ ಕಟ್ ಮಾಡಿ, ಗಾಳಿ ಮತ್ತು ಗಾಡಿಗಳ ಗುಡುಗು ಅರ್ಧ ಅಲ್ಲೇ ಹೋಗುತ್ತದೆ. ಗದ್ದಲ ತಗ್ಗಿಸುವ ಸಾಧನವನ್ನು 6ರಿಂದ 10 ಡೆಸಿಬಲ್ ಮೀರಿ ಒತ್ತಿದರೆ ಮಾತು ನೀರಿನೊಳಗಿಂದ ಬಂದಂತಾಗುತ್ತದೆ. ಪಾಡ್‌ಕಾಸ್ಟಿಗೆ ಒಟ್ಟು ಗಟ್ಟಿತನ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ) ಹತ್ತಿರವಿರಲಿ, ಮೋನೋ ಆದರೆ ಮೈನಸ್ 19.

ವಿವಾದ ಎದ್ದೇಳಬಹುದಾದ ಸಂದರ್ಶನವಾದರೆ ಅಂದೇ ಮೂಲ ಕಡತದ ಹ್ಯಾಶ್ ಮೌಲ್ಯವನ್ನು (ಕಡತ ಒಂಚೂರು ಬದಲಾದರೂ ಬದಲಾಗುವ, ಬೆರಳಚ್ಚಿನಂಥ ಸಂಕೇತ) ಎಸ್‌ಎಚ್‌ಎ-256 ವಿಧಾನದಲ್ಲಿ ತೆಗೆದು ಬರೆದಿಟ್ಟುಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ, ಕೋರ್ಟಿಗೆ ವಿದ್ಯುನ್ಮಾನ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಈ ಹ್ಯಾಶನ್ನು ನಮೂದಿಸಬೇಕಾಗುತ್ತದೆ.

ಕಚೇರಿಗೆ ಕಳಿಸುವಾಗ ವಾಟ್ಸ್ಆ್ಯಪಿನ ಮೈಕ್ ಗುಂಡಿ ಒತ್ತಿ ಸ್ಪೀಕರಿನಿಂದ ಮರುಮುದ್ರಿಸುವುದು ಬೇಡ, ಡಾಕ್ಯುಮೆಂಟ್ ಎಂದೇ ಲಗತ್ತಿಸಿ, ಕಡತ ಇದ್ದಂತೆಯೇ ಹೋಗುತ್ತದೆ. ಹೆಸರು "ರೆಕಾರ್ಡಿಂಗ್ 47" ಎಂದಿದ್ದರೆ ತಿಂಗಳಾದ ಮೇಲೆ ಯಾರಿಗೂ ಸಿಗದು, ಪ್ರತಿಗೆ ದಿನಾಂಕ, ಜಾಗ, ವಿಷಯ ಸೇರಿಸಿ ಹೆಸರಿಡಿ. ಆಚೆಯವರು ತೆರೆದು ಕೊನೆಯವರೆಗೆ ಕೇಳಿ "ಬಂತು" ಎನ್ನುವವರೆಗೆ, ಇನ್ನೊಂದು ಪ್ರತಿ ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಸೇರುವವರೆಗೆ, ಫೋನಿನಿಂದ ಅಳಿಸಬೇಡಿ.