ಎಬಿಎಸ್ ದೀಪ ಹತ್ತಿದರೆ ಮೊದಲು ಚಕ್ರದ ಕಡೆ ನೋಡಿ

ಎಬಿಎಸ್ ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ. ಹಳದಿ ಎಬಿಎಸ್ ದೀಪ ಮಾತ್ರ ಹತ್ತಿದ್ದರೆ ಮಾಮೂಲಿ ಬ್ರೇಕ್ ಹಿಡಿಯುತ್ತದೆ, ಆದರೆ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗಬಹುದು. ಜೊತೆಗೆ ಕೆಂಪು ಬ್ರೇಕ್ ದೀಪವೂ ಇದ್ದರೆ ಗಾಡಿ ನಿಲ್ಲಿಸಿ, ಬ್ರೇಕ್ ಆಯಿಲ್ ನೋಡಿ.

ಸುಮ್ನೆ ದುಬಾರಿ ಎಬಿಎಸ್ ಯೂನಿಟ್ ಬದಲಾಯಿಸಲು ಹೋಗಬೇಡಿ. ಜಾಸ್ತಿ ಸಲ ತೊಂದರೆ ಇರುವುದು ಚಕ್ರದ ಸ್ಪೀಡ್ ಸೆನ್ಸರ್‌ನಲ್ಲಿ. ಎಬಿಎಸ್ ಕೋಡ್ (ತೊಂದರೆ ಎಲ್ಲಿದೆ ಅಂತ ಗಾಡಿ ದಾಖಲಿಸುವ ಸಂಖ್ಯೆ) ಓದುವ ಸ್ಕ್ಯಾನರ್ ಹಾಕಿದರೆ ಯಾವ ಚಕ್ರ ಅಂತ ಗೊತ್ತಾಗುತ್ತದೆ (ಅಗ್ಗದ ಎಷ್ಟೋ ಸ್ಕ್ಯಾನರ್‌ಗಳು ಎಂಜಿನ್ ಕೋಡ್ ಮಾತ್ರ ಓದುತ್ತವೆ). ಜಾಕ್ ಜೊತೆ ಸ್ಟ್ಯಾಂಡ್ ಕೊಟ್ಟು ಆ ಚಕ್ರ ಬಿಚ್ಚಿ. ಸೆನ್ಸರ್ ತುದಿಗೆ ಕಬ್ಬಿಣದ ಪುಡಿ ಮೀಸೆಯ ಹಾಗೆ ಅಂಟಿರಬಹುದು, ಎಷ್ಟೋ ಸೆನ್ಸರ್‌ಗಳ ಒಳಗೆ ಅಯಸ್ಕಾಂತ ಇರುತ್ತಲ್ವಾ. ಬಟ್ಟೆಯಲ್ಲಿ ಒರೆಸಿ. ವೈರ್ ಉಜ್ಜಿ ಸವೆದಿದೆಯಾ, ಚಕ್ರದ ಜೊತೆ ತಿರುಗುವ, ಸೆನ್ಸರ್ ಓದುವ ಹಲ್ಲಿನ ರಿಂಗ್ ಬಿರುಕು ಬಿಟ್ಟಿದೆಯಾ ಅಂತಲೂ ನೋಡಿ. ಕೋಡ್ ಅಳಿಸಿ ಸ್ವಲ್ಪ ದೂರ ಓಡಿಸಿ. ವೈರ್, ರಿಂಗ್ ಸರಿಯಿದ್ದೂ ಅದೇ ಕೋಡ್ ಮತ್ತೆ ಬಂದರೆ ಸೆನ್ಸರ್ ಬದಲಾಯಿಸಿ.