ಗೂಡಿರುವ ಮರದ ಮೇಲೆ ಪದ್ಯ ಬರೆಯುವುದು ಹೇಗೆ

ಮರ, ಹಕ್ಕಿ, ಗೂಡು ಅಂದ ತಕ್ಷಣ ಎಲ್ಲರಿಗೂ ಮೊದಲು ಹೊಳೆಯುವ ಸಾಲು ಒಂದೇ: ಮರ ತಾಯಿ, ಹಕ್ಕಿ ಕೂಸು. ಅದನ್ನು ಒಂದು ಹಾಳೆಯಲ್ಲಿ ಬರೆದು ಪಕ್ಕಕ್ಕಿಡಿ. ಪದ್ಯ ಅದರ ಆಚೆಗೆ ಶುರುವಾಗುತ್ತದೆ.

ಮೊದಲು ಯಾವ ಮರ, ಯಾವ ಹಕ್ಕಿ ಅಂತ ಹೆಸರು ಹಿಡಿಯಿರಿ. ಸುಮ್ನೆ 'ಹಕ್ಕಿ' ಅಂದರೆ ಓದುವವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಕೋಗಿಲೆಯನ್ನು ಮಾವಿನ ಮರದಲ್ಲಿ ಗೂಡು ಕಟ್ಟಿಸಿಬಿಡಬೇಡಿ. ಅದು ಗೂಡೇ ಕಟ್ಟುವುದಿಲ್ಲ, ಕಾಗೆ ಗೂಡಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಕುಟ್ರುಹಕ್ಕಿ ಒಣಗಿದ ಕೊಂಬೆಯಲ್ಲಿ ತೂತು ಕೊರೆಯುತ್ತದೆ, ಮರದ ಸತ್ತ ಭಾಗವೇ ಅದಕ್ಕೆ ಮನೆ. ಗೀಜಗ ಮುಳ್ಳಿನ ಜಾಲಿ, ಈಚಲು, ಇಲ್ಲವೇ ಬಾವಿಯ ಮೇಲೆ ಬಾಗಿದ ಕೊಂಬೆ ಹುಡುಕುತ್ತದೆ, ಹಾವು ಬರಬಾರದು ಅಲ್ವಾ. ಮಂಡ್ಯದ ಗದ್ದೆಗಳಲ್ಲಿ ಭತ್ತದ, ಕಬ್ಬಿನ ಗರಿ ಸೀಳಿಕೊಂಡು ಹೋಗುವುದು ಗಂಡು ಗೀಜಗ. ಅರ್ಧ ಹೆಣೆದು ಹೆಣ್ಣನ್ನು ಕರೆಯುತ್ತದೆ, ಅವಳು ಒಪ್ಪದಿದ್ದರೆ ಆ ಗೂಡು ಅರ್ಧಕ್ಕೇ ನೇತಾಡುತ್ತಿರುತ್ತದೆ. ಆ ಅರ್ಧ ಗೂಡನ್ನು ಹೊತ್ತ ಜಾಲಿಯ ಬಗ್ಗೆ ಬರೆದರೆ ತಾಯಿ-ಕೂಸಿನ ಮಾತು ಎಲ್ಲಿ ಬರುತ್ತದೆ?

ಒಮ್ಮೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ, ಫೆಬ್ರವರಿ, ಮಾರ್ಚ್‌ ಒಳ್ಳೆಯ ಕಾಲ. ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕೂತು ನೋಡಬೇಕು. ಬೆಳ್ಳೂರಿನಲ್ಲಾದರೆ ಮನೆಗಳ ನಡುವಿನ ಹುಣಸೆ ಮರದಲ್ಲೇ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳ ಗೂಡು. ಊರವರು ಇವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಎಷ್ಟು ಚೆಂದದ ಮಾತು! ಆದರೆ ಅಲ್ಲಿಗೇ ನಿಲ್ಲಬೇಡಿ, ಮಗಳು ಬಂದರೆ ತವರಿಗೆ ಏನು ಖರ್ಚು ಅಂತ ಕೇಳಿ. ಹಿಕ್ಕೆ ಬಿದ್ದು ಎಲೆಯೆಲ್ಲ ಬೆಳ್ಳಗಾಗುತ್ತದೆ. ಹುಣಸೆ ಬಡಿಯುವ ಕಾಲಕ್ಕೇ ಗೂಡಲ್ಲಿ ಮರಿಗಳಿರುತ್ತವೆ, ಅವಕ್ಕಾಗಿ ಹಣ್ಣನ್ನು ಮರದಲ್ಲೇ ಬಿಟ್ಟವರಿದ್ದಾರೆ. ಅದೇ ಹಿಕ್ಕೆ ಗೊಬ್ಬರವಾಗಿ ಹೊಲಕ್ಕೂ ಹೋಗುತ್ತದೆ. ಈ ಕೊಡು-ಕೊಳ್ಳುವ ಲೆಕ್ಕದಲ್ಲಿ ಪದ್ಯ ಇದೆ. ನಾನು ಬರೆದದ್ದು ಹೀಗೆ:

ಈ ಸಲವೂ ಯಾರೂ ಹುಣಸೆ ಬಡಿಯಲಿಲ್ಲ,
ಕೊಂಬೆ ತುದಿಯಲ್ಲಿ ಎರಡು ಮರಿ.
ಸುಣ್ಣ ಬಳಿದಂತೆ ಎಲೆಯೆಲ್ಲ ಬಿಳಿ,
ತವರು ಏನೂ ಅನ್ನಲಿಲ್ಲ.

'ಪ್ರೀತಿ', 'ಮಮತೆ' ಅನ್ನುವ ಪದ ಇಲ್ಲಿ ಬೇಕಾಗಲಿಲ್ಲ, ನೋಡಿ. ನಿಮ್ಮ ಕರಡಿನಲ್ಲೂ ಅವನ್ನು ಹೊಡೆದುಹಾಕಿ ಓದಿ, ಸಾಲು ಬಿದ್ದುಹೋದರೆ ಅಲ್ಲಿ ನೋಡಿದ್ದು ಕಡಿಮೆ ಇದೆ ಅಂತ. ಮರದ ಬಾಯಲ್ಲಿ ಮಾತಾಡಿಸುವುದನ್ನೂ ನಾನು ಒಪ್ಪುವುದಿಲ್ಲ. ಮರ ಸುಮ್ಮನಿರುವುದೇ ಅದರ ದೊಡ್ಡತನ.

ಛಂದಸ್ಸು ಇಷ್ಟವಿದ್ದರೆ ಹಕ್ಕಿಗೆ ಮೂರು ಮಾತ್ರೆಯ ಗಣ (ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಅಂತ ಎಣಿಸಿ ಮಾಡುವ ಗುಂಪು) ಇಟ್ಟು ನೋಡಿ: 'ಕೊಕ್ಕು ಕಡ್ಡಿ ತಂದು ಇಟ್ಟು'. ಚುರುಕಾಗಿ ಓಡುತ್ತದೆ. ಮರಕ್ಕೆ ಐದು: 'ಹಳೆಹುಣಸೆ ತೂಗುತಿದೆ ಭಾರವನು ಹೊತ್ತು', ಕೊನೆಯ ಗಣ ಮಾತ್ರ ಮೂರಕ್ಕೇ ನಿಲ್ಲುತ್ತದೆ. ಜೋರಾಗಿ ಓದಿದರೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ನೋಡಲು ಹೋದಾಗ ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸಬೇಡಿ, ಗೂಡಿನ ಹತ್ತಿರ ಹತ್ತಬೇಡಿ. ತಾಯಿ ಎದ್ದು ಹೋದರೆ ಬಿಸಿಲಿಗೆ ಮರಿ ಉಳಿಯುವುದಿಲ್ಲ.

ಮಳೆ ಶುರುವಾಗಿ ಹಕ್ಕಿಗಳು ಹೋದ ಮೇಲೆ ಅದೇ ಮರದ ಕೆಳಗೆ ಇನ್ನೊಂದು ಸಲ ನಿಂತುಕೊಳ್ಳಿ. ಎಲೆ ತೊಳೆದು ಮತ್ತೆ ಹಸಿರಾಗಿರುತ್ತದೆ, ಮೇಲೆ ಬರೀ ಕಡ್ಡಿಗಳು. ಎರಡನೇ ಭಾಗವನ್ನು ಅಲ್ಲೇ ಕೂತು ಬರೆಯಿರಿ.